ಕಿರುಬನ ಲೆಕ್ಕ

ಹಿಂದಿನವರು ಕಾಡುಪ್ರಾಣಿಗಳ ಜೊತೆ ಹೊಂದಿಕೊಂಡು ಬಾಳುತ್ತಿದ್ದರು ಎಂಬ ಮಾತು ಈಚೆಗೆ ಪದೇ ಪದೇ ನನ್ನ ಕಿವಿಗೆ ಬೀಳುತ್ತಿದೆ. ನಮ್ಮ ಲೇಔಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಚಿರತೆಯ ವಿಡಿಯೊ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಬರೆಯುತ್ತಾರೆ, ಕೆಳಗೆ ಹತ್ತಾರು ಮಂದಿ ಕೈಮುಗಿಯುತ್ತಾರೆ. ಆ ಹಿಂದಿನವರ ಪೈಕಿ ನಾನೂ ಒಬ್ಬ. ಲೇಔಟ್ ಎದ್ದಿರುವುದೇ ನಮ್ಮೂರಿನ ರಾಗಿ ಹೊಲಗಳ ಮೇಲೆ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಸೀಮೆ, ಬೆನ್ನಿಗೆ ಬನ್ನೇರುಘಟ್ಟದ ಕಾಡು. ನಾವು ಯಾವ ಪ್ರಾಣಿಯ ಜೊತೆಯೂ ಹೊಂದಿಕೊಂಡಿರಲಿಲ್ಲ. ಕೈಲಾದಾಗ ಕೊಲ್ಲುತ್ತಿದ್ದೆವು, ಆಗದಿದ್ದಾಗ ಬಾಗಿಲಿಗೆ ಅಗುಳಿ ಹಾಕಿಕೊಂಡು ಮಲಗುತ್ತಿದ್ದೆವು.

ಎಪ್ಪತ್ತರ ದಶಕದ ಮಾತು. ಚಿರತೆಗೆ ನಮ್ಮ ಕಡೆ ಕಿರುಬ ಅಂತಲೇ ಹೇಳುವುದು. ರಾತ್ರಿ ಕಿರುಬ ಬಂದು ಹೋದದ್ದು ಬೆಳಿಗ್ಗೆ ಗೊತ್ತಾಗುತ್ತಿದ್ದದ್ದು ಹೆಜ್ಜೆಯಿಂದ. ಕಣದ ಧೂಳಿನಲ್ಲಿ ಹೆಜ್ಜೆ ಕಂಡವರು ಅದರ ಮೇಲೊಂದು ಮಂಕರಿ ಕವುಚಿಡುತ್ತಿದ್ದರು, ದನ ತುಳಿಯದಿರಲಿ ಅಂತ. ಆಮೇಲೆ ಒಬ್ಬೊಬ್ಬರೇ ಬಂದು ಮಂಕರಿ ಎತ್ತಿ ನೋಡುವುದು, ಮತ್ತೆ ಮುಚ್ಚುವುದು. ಗಂಡೋ ಹೆಣ್ಣೋ, ಮರಿ ಜೊತೆಗಿತ್ತೋ, ಯಾವ ಕಡೆಗೆ ಹೋಗಿದೆ ಎಂಬ ಚರ್ಚೆ ಹೊತ್ತೇರುವವರೆಗೂ ನಡೆಯುತ್ತಿತ್ತು. ನಮ್ಮಜ್ಜಿಗೆ ಈ ಯಾವುದರಲ್ಲೂ ಆಸಕ್ತಿಯಿಲ್ಲ. “ಯಾರ ಮನೇದು ಹೋಯ್ತಂತ್ಲಾ?” ಅಂತ ಒಂದೇ ಪ್ರಶ್ನೆ. ನಮ್ಮದಲ್ಲ ಅಂದರೆ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಮೇಕೆಗಳಿಗೆ ಕಲ್ಲುಗೋಡೆಯ ರೊಪ್ಪ, ಗೋಡೆಯ ತಲೆಯ ಮೇಲೆ ಒಣಗಿದ ಜಾಲಿಮುಳ್ಳು. ನಾಯಿಗೆ ಮುಳ್ಳುಪಟ್ಟಿ. ಈಗಿನವರು ಅದನ್ನು ನೋಡಿರಲಾರರು. ಎರಡು ಬೆರಳಗಲದ ಕಬ್ಬಿಣದ ಪಟ್ಟಿಗೆ ಒಳಗಿನಿಂದ ಮೊಳೆ ಹೊಡೆದು ಮೊನೆಯನ್ನು ಹೊರಕ್ಕೆ ಬಿಟ್ಟಿರುತ್ತಿದ್ದರು. ಮೊಳೆಯ ತಲೆ ಕೊರಳಿಗೆ ಒತ್ತದಿರಲೆಂದು ಒಳಮೈಗೆ ಹಳೇ ಎಕ್ಕಡದ ತೊಗಲು. ಊರ ಕುಲುಮೆಯಲ್ಲೇ ಮಾಡಿಸುವುದು, ಕೂಲಿಗೆ ಒಂದಷ್ಟು ರಾಗಿ. ಕಿರುಬ ನಾಯಿಯನ್ನು ಹಿಡಿಯುವುದು ಕುತ್ತಿಗೆಗೆ, ಬಾಯಿಗೆ ಮೊಳೆ ಚುಚ್ಚಿದರೆ ಬಿಟ್ಟು ಹೋಗುತ್ತದೆ ಎಂಬುದು ಲೆಕ್ಕ. ಮಳೆಗಾಲದಲ್ಲಿ ತೊಗಲು ನೆನೆದು ನಮ್ಮ ಕರಿಯನ ಕೊರಳು ಹುಣ್ಣಾಯಿತು. ಬೇವಿನೆಣ್ಣೆ ಹಚ್ಚೋಣವೆಂದು ಅಪ್ಪ ಪಟ್ಟಿ ಬಿಚ್ಚಿಟ್ಟರು. ಹುಣ್ಣು ಮಾಯುವ ಮೊದಲೇ ಕರಿಯ ಹೋದ. ಜಗಲಿಯ ಮೇಲೆ ಒಂದು ಸಲ ಉಸಿರು ಕಟ್ಟಿದಂಥ ಸದ್ದು, ಅಷ್ಟೆ. ಬೆಳಿಗ್ಗೆ ಹಿತ್ತಲ ಬೇಲಿಯ ಹತ್ತಿರ ಎಳೆದುಕೊಂಡು ಹೋದ ಗೀರು ಇತ್ತು. ಯಾರೂ ಅಳಲಿಲ್ಲ. ಮರುವಾರವೇ ಪಕ್ಕದೂರಿನಿಂದ ಇನ್ನೊಂದು ಮರಿ ಬಂತು, ಅದಕ್ಕೂ ಕರಿಯ ಅಂತಲೇ ಹೆಸರು, ಅದೇ ಪಟ್ಟಿ.

ಕೊಲ್ಲುತ್ತಿದ್ದೆವು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಿರುಬ ದೊಡ್ಡ ಕರುವನ್ನು ಹಿಡಿದರೆ ಒಂದೇ ರಾತ್ರಿಗೆ ತಿಂದು ಮುಗಿಸುವುದಿಲ್ಲ, ಉಳಿದದ್ದಕ್ಕೆ ಮರುದಿನ ಬರುತ್ತದೆ. ಆ ಉಳಿದ ಮಾಂಸಕ್ಕೆ ಎಂಡ್ರಿನ್ ಹೊಯ್ಯುವುದು. ಹೊಲಕ್ಕೆ ಹೊಡೆಯಲೆಂದು ತಂದ ಡಬ್ಬಿ ಎಲ್ಲರ ಮನೆಯ ಅಟ್ಟದಲ್ಲೂ ಇರುತ್ತಿತ್ತು. ನಾನು ನೋಡಿದ ಒಂದು ಸಲ, ಹಳ್ಳದ ಪಕ್ಕ ಕಿರುಬ ಬಿದ್ದಿತ್ತು, ಜೊತೆಗೆ ಎರಡು ನರಿ, ರಾಶಿ ಕಾಗೆ, ನಮ್ಮೂರಿನದೇ ಒಂದು ನಾಯಿ, ರೆಕ್ಕೆ ಬಿಚ್ಚಿಕೊಂಡು ಸತ್ತ ರಣಹದ್ದುಗಳು. ಆ ಹದ್ದುಗಳು ಆಗ ಆಕಾಶದಲ್ಲಿ ದಿನಾ ಕಾಣುತ್ತಿದ್ದವು. ಈಗ ಅವನ್ನು ಉಳಿಸಲೆಂದೇ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದ್ದಾರೆ. 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು, 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೂ ಆಗಿತ್ತು. ನಮ್ಮೂರಿನ ಅಟ್ಟದ ಡಬ್ಬಿಗೆ ಆ ಸುದ್ದಿ ತಲುಪಲು ಬಹಳ ವರ್ಷ ಬೇಕಾಯಿತು.

ಅದಕ್ಕೂ ಹಿಂದೆ, ನಮ್ಮ ತಾತನ ಕಾಲದಲ್ಲಿ, ಬೆಂಗಳೂರಿನಿಂದ ಕೋವಿಯ ದೊರೆಗಳು ಬರುತ್ತಿದ್ದರಂತೆ. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಕತೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಾಗ ಬಿಟ್ಟೂಬಿಡದೆ ಓದಿದವರಲ್ಲಿ ನಾನೂ ಒಬ್ಬ. ಆದರೆ ಪುಸ್ತಕದ ನರಭಕ್ಷಕನಿಗೂ ನಮ್ಮೂರಿನ ಕಿರುಬನಿಗೂ ಸಂಬಂಧವಿರಲಿಲ್ಲ. ನಮ್ಮದು ಬರೀ ಮೇಕೆ ಕಳ್ಳ. ಅದರ ಎದುರು ದಿನಾ ಹೋಗಿ ನಿಲ್ಲುತ್ತಿದ್ದವರೂ ದೊರೆಗಳಲ್ಲ, ಮೇಕೆ ಕಾಯುವ ಎಂಟು ಹತ್ತು ವರ್ಷದ ಹುಡುಗರು. ಅವರಿಗೆ ಕೋವಿಯಿಲ್ಲ, ಸ್ಕೂಲಿಲ್ಲ, ಕೈಯಲ್ಲೊಂದು ಕೋಲು, ಬಾಯಲ್ಲಿ ಹೋ ಎಂಬ ಕೂಗು. ಮೇಕೆ ಕಳೆದುಕೊಂಡು ಬಂದ ಹುಡುಗನಿಗೆ ಒಡೆಯನಿಂದ ಬೀಳುತ್ತಿದ್ದ ಏಟು ಕಿರುಬನ ಏಟಿಗಿಂತ ಖಾತ್ರಿಯದು.

ತೊಂಬತ್ತರ ದಶಕದಿಂದ ಜಮೀನು ಮಾರಾಟ ಶುರುವಾಯಿತು. ಹೊರಗಿನವರು ಬಂದು ಕಾಡಂಚನ್ನು ನುಂಗಿದರು ಎನ್ನುವ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಮಾರಿದವರು ನಾವು, ನೋಟು ಎಣಿಸಿಕೊಂಡೇ ಮಾರಿದ್ದೇವೆ, ಮೊದಲು ಮಾರಿದವರು ಕಡಿಮೆಗೆ ಹೋಯಿತಲ್ಲ ಎಂದು ಈಗಲೂ ಹೊಟ್ಟೆ ಉರಿದುಕೊಳ್ಳುತ್ತಾರೆ. 2020ರಲ್ಲಿ ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು 268.96 ಚದರ ಕಿಲೊಮೀಟರಿನಿಂದ 168.84ಕ್ಕೆ ಇಳಿಸಿ ಅಂತಿಮ ಅಧಿಸೂಚನೆ ಹೊರಟಿತು. ಮರುವರ್ಷ ಮೆಟ್ರೊ ಸಿಲ್ಕ್ ಇನ್‌ಸ್ಟಿಟ್ಯೂಟಿನವರೆಗೆ ಬಂತು. ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ಬಾಲ್ಕನಿಯಿಂದ ಕಾಡು ಕಾಣುತ್ತದೆ ಎಂದು ಬರೆದರು. ಸುಳ್ಳಲ್ಲ. ಕಾಡಿನಿಂದಲೂ ಬಾಲ್ಕನಿ ಕಾಣುತ್ತದೆ.

ಕಾಡು ಕಿರಿದಾದದ್ದರಿಂದ ಪಾಪ ಚಿರತೆ ಊರಿಗೆ ಬಂತು ಎಂಬ ಇನ್ನೊಂದು ವಿವರಣೆಯಿದೆ. ಅದೂ ಅರ್ಧ ಸತ್ಯ. ಅದು ಯಾವತ್ತೂ ಊರಂಚಿನ ಪ್ರಾಣಿಯೇ. ಹುಲಿಯ ಹಾಗೆ ಅದಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ, ಒಂದು ಬಂಡೆಯ ಸಂದು, ಒಂದಿಷ್ಟು ಪೊದೆ, ಹತ್ತಿರದಲ್ಲಿ ತಿನ್ನಲು ಸಿಗುವುದು, ಇಷ್ಟಿದ್ದರೆ ಸಾಕು. ನಾವು ಮೇಕೆ ಸಾಕುವುದನ್ನು ಬಿಟ್ಟೆವು, ಹೊಲಗಳು ಖಾಲಿ ಸೈಟುಗಳಾದವು, ಸೈಟುಗಳಲ್ಲಿ ಲಂಟಾನ ಬೆಳೆಯಿತು, ಲಂಟಾನದ ಬುಡಕ್ಕೆ ಕಸದ ಕವರುಗಳು ಬಂದು ಬಿದ್ದವು, ಕಸದ ಹಿಂದೆ ನಾಯಿಗಳು ಬಂದವು. ಆಗ ಮನೆಗೊಂದು ನಾಯಿ, ಅದೂ ಮುಳ್ಳುಪಟ್ಟಿ ಕಟ್ಟಿಕೊಂಡದ್ದು. ಈಗ ಪ್ರತಿ ತಿರುವಿನಲ್ಲೂ ಒಂದು ಹಿಂಡು, ಕೊರಳೆಲ್ಲ ಬರಿದು, ಬಿರಿಯಾನಿ ತಿಂದು ದಷ್ಟಪುಷ್ಟ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ತಿಂದ ಮಾಂಸದ ತೂಕದಲ್ಲಿ ನಾಯಿಯ ಪಾಲೇ ಶೇಕಡಾ 39ರಷ್ಟಿತ್ತು. ಇಲ್ಲಿ ಹೊಳೆಮತ್ತಿ ನೇಚರ್ ಫೌಂಡೇಶನ್ ಕ್ಯಾಮೆರಾಗಳನ್ನಿಟ್ಟು ಮಾಡಿದ ಸಮೀಕ್ಷೆ ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆ ಎನ್ನುತ್ತದೆ. ನಮ್ಮ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ. ಆದರೂ ಎಂಡ್ರಿನ್ ಡಬ್ಬಿಯ ಆ ವರ್ಷಗಳಲ್ಲಿ ಇಷ್ಟಿದ್ದವು ಎಂದರೆ ನಾನು ನಂಬಲಾರೆ.

ಹಾಗಂತ ಚಿರತೆ ಬಡಪಾಯಿ ಎಂದೂ ಯಾರೂ ತಿಳಿಯಬಾರದು. 2022ರ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರನ್ನು ಕೊಂದಿತು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು, ಮುದುಕಿಯಿದ್ದಳು, 11 ವರ್ಷದ ಹುಡುಗನಿದ್ದ. 2024ರ ನವೆಂಬರಿನಲ್ಲಿ ನೆಲಮಂಗಲದ ಕಡೆ ಹೊಲದ ಹತ್ತಿರ ಹೋಗಿದ್ದ ಹೆಂಗಸು ಸತ್ತಳು. ಆ ಊರುಗಳಲ್ಲಿ ನಿಂತು ಸಹಬಾಳ್ವೆಯ ಭಾಷಣ ಮಾಡುವ ಧೈರ್ಯ ನನಗಿಲ್ಲ.

ನಮ್ಮ ಲೇಔಟಿನ ಚಿರತೆಯನ್ನು ನಾನು ನೋಡಿರುವುದು ಫೋನಿನಲ್ಲೇ. ಮೂರನೇ ಅಡ್ಡರಸ್ತೆಯ ಒಂದು ಮನೆಯ ಗೇಟಿನ ಕ್ಯಾಮೆರಾ, ರಾತ್ರಿ ಎರಡೂವರೆಯ ಮೇಲೆ. ಬೂದುಬಣ್ಣದ ಚಿತ್ರ. ಕಾರಿನ ಹಿಂದಿನಿಂದ ತಲೆ ತಗ್ಗಿಸಿಕೊಂಡು ಬರುತ್ತದೆ, ಹಿಂಗಾಲು ಸರಿಯಾಗಿ ಮುಂಗಾಲು ಇಟ್ಟ ಜಾಗಕ್ಕೇ ಬೀಳುತ್ತದೆ. ತುಳಸಿಕಟ್ಟೆಯ ಮೂಲೆಗೆ ಮೈತಿರುಗಿಸಿ ಬಾಲ ಎತ್ತಿ ಸಣ್ಣಗೆ ಉಚ್ಚೆ ಚಿಮ್ಮಿಸುತ್ತದೆ, ನಮ್ಮ ಸೈಟಿನ ಕಲ್ಲಿಗೆ ಸರ್ವೆಯವರು ಬಣ್ಣ ಬಳಿದ ಹಾಗೆ. ಆಮೇಲೆ ಏಳಡಿ ಗೋಡೆಯ ಮೇಲೆ ಇರುತ್ತದೆ. ಹಾರಿದ್ದು ಕಾಣುವುದೇ ಇಲ್ಲ, ಎರಡು ಚಿತ್ರಗಳ ನಡುವೆ ಮುಗಿದುಹೋಗಿರುತ್ತದೆ. ಒಟ್ಟು ಹದಿನೈದು ಸೆಕೆಂಡಿನದು. ಗ್ರೂಪಿನಲ್ಲಿ ಮೊದಲ ಪ್ರತಿಕ್ರಿಯೆ ಭಯ. ಎರಡನೆಯದು, “ದಯವಿಟ್ಟು ಇದನ್ನು ಹೊರಗಿನ ಗ್ರೂಪಿಗೆ ಕಳಿಸಬೇಡಿ, ಸೈಟಿನ ರೇಟು ಬೀಳುತ್ತೆ.” ಮೂರನೆಯದು, ಬೋನು ಯಾವಾಗ ತರಿಸುತ್ತೀರಿ?

ಬೋನು ಬಂತು. ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಹಿಂದಿನ ಖಾನೆಯಲ್ಲಿ ಸರಳಿನ ಆಚೆ ಒಂದು ನಾಯಿ, ಮುಂದೆ ತುಳಿದರೆ ಬಾಗಿಲು ಬೀಳುವ ಹಲಗೆ, ಮೇಲೆಲ್ಲ ಹೊಂಗೆಸೊಪ್ಪು. ಮೊದಲ ದಿನ ಸಂಜೆಯಿಂದಲೇ ಮಕ್ಕಳನ್ನು ಕರೆದುಕೊಂಡು ಬಂದು ಫೋಟೊ ತೆಗೆದುಕೊಂಡರು. ನಾಯಿಗೆ ಬಿಸ್ಕತ್ತು ಹಾಕಿದರು. “ಹಿಂಗೆ ಜಾತ್ರೆ ಮಾಡಿದ್ರೆ ಅದ್ಯಾಕ್ ಬತ್ತದೆ ಸಾರ್” ಎಂದು ಅರಣ್ಯ ಇಲಾಖೆಯ ವಾಚರ್ ನನ್ನ ಹತ್ತಿರ ಗೊಣಗಿದ. ಅವನ ಮಾತು ಸರಿ. ಚಿರತೆ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳಿದಾಗ ಪಕ್ಕದ ಮನೆಯವರು ಎರಡು ವಾರ ನನ್ನ ಜೊತೆ ಮಾತು ಬಿಟ್ಟರು.

ಹಿಡಿದು ಎಲ್ಲಿಗೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಅವರ ಹತ್ತಿರ ಇದ್ದ ಉತ್ತರ, “ದೂರ ಎಲ್ಲಾದ್ರೂ, ಕಾಡಿಗೆ.” ಪುಣೆ ಜಿಲ್ಲೆಯ ಜುನ್ನರಿನಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಹೊಲಗಳಲ್ಲಿ ಹಿಡಿದ ಚಿರತೆಗಳನ್ನು ಕಾಡಿಗೆ ಬಿಡಲು ಶುರುಮಾಡಿದ ಮೇಲೆ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 2001–03ರ ಅವಧಿಯಲ್ಲಿ 17ಕ್ಕೆ ಏರಿತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಯಲ್ಲಿ ಅಲೆಯುತ್ತದೆ, ಹಳೆಯ ಜಾಗಕ್ಕೆ ವಾಪಸು ಹೊರಡುತ್ತದೆ, ಇಲ್ಲಿ ತೆರವಾದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲೇ ಮಾರ್ಗಸೂಚಿ ಹೊರಡಿಸಿ, ಹಿಡಿಯುವುದು ಕೊನೆಯ ಉಪಾಯವಾಗಲಿ ಎಂದಿದೆ.

ಅಟ್ಟಿಸಿಕೊಂಡು ಹೋದರೆ ಏನಾಗುತ್ತದೆ ಎಂಬುದನ್ನು ಇಡೀ ಕರ್ನಾಟಕ ಟಿ.ವಿ.ಯಲ್ಲಿ ನೋಡಿದೆ. 2016ರ ಫೆಬ್ರುವರಿಯ ಭಾನುವಾರ ವೈಟ್‌ಫೀಲ್ಡ್ ಕಡೆಯ ಶಾಲೆಯೊಂದಕ್ಕೆ ಹೊಕ್ಕ ಚಿರತೆ, ಈಜುಕೊಳದ ಪಕ್ಕ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರ ತೋಳು ಕಚ್ಚಿ ಎಳೆದಾಡಿತು. ಕೊನೆಗೆ ಅರಿವಳಿಕೆ ಕೊಟ್ಟು ಬನ್ನೇರುಘಟ್ಟಕ್ಕೆ ಸಾಗಿಸಿದರು, ಒಂದು ವಾರದಲ್ಲಿ ಅದು ಅಲ್ಲಿನ ಬೋನಿನಿಂದಲೂ ತಪ್ಪಿಸಿಕೊಂಡಿತು. ಕೂಡ್ಲು ಗೇಟಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣಿಸಿಕೊಂಡದ್ದು, 2023ರ ನವೆಂಬರ್ 1ರಂದು ಸೆರೆಹಿಡಿಯುವ ಗದ್ದಲದಲ್ಲೇ, ಗುಂಡೇಟಿನಿಂದ ಸತ್ತಿತು. ಬೆಳಗಾವಿಯ ಗಾಲ್ಫ್ ಮೈದಾನಕ್ಕೆ 2022ರ ಆಗಸ್ಟಿನಲ್ಲಿ ಬಂದದ್ದು ಇವೆರಡಕ್ಕಿಂತ ಜಾಣ. ಸುತ್ತಲಿನ ಶಾಲೆಗಳು ವಾರಗಟ್ಟಲೆ ಮುಚ್ಚಿದವು, ಹುಡುಕಲು ಆನೆಗಳು ಬಂದವು, ಅದು ಮಾತ್ರ ಯಾರ ಕೈಗೂ ಸಿಗದೆ ಹೋಯಿತು.

ಈಗ ನಮ್ಮೂರಿನಲ್ಲಿ ಯಾರೂ ವಿಷ ಇಡುವುದಿಲ್ಲ, ಅದು ದೊಡ್ಡ ಬದಲಾವಣೆಯೇ. ಬದಲಾಗದೆ ಉಳಿದದ್ದು ಅಪಾಯದ ಹಂಚಿಕೆ. ನಮ್ಮ ಗ್ರೂಪಿನಲ್ಲಿ ರಾತ್ರಿ ಪೂರ್ತಿ ಸಂದೇಶ ಕಳಿಸುವವರು ಗ್ರಿಲ್ಲಿನ ಒಳಗೆ, ಎರಡನೇ ಮಹಡಿಯಲ್ಲಿ ಇರುತ್ತಾರೆ. ಅದೇ ಹೊತ್ತಿಗೆ ಗೇಟಿನಲ್ಲಿ ಒಡಿಶಾದ ಹುಡುಗ ಸೀಟಿ ಹಿಡಿದು ಒಬ್ಬನೇ ರೌಂಡು ಹೊಡೆಯುತ್ತಿರುತ್ತಾನೆ. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯ ಕೂಲಿಯವರಿದ್ದಾರೆ. ಅವರ ಮಕ್ಕಳು ನಸುಕಿನಲ್ಲಿ ಚೊಂಬು ಹಿಡಿದು ಅದೇ ಲಂಟಾನದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತವೆ. ಕೂತ ಮಗು ಎತ್ತರದಲ್ಲಿ ನಾಯಿಗಿಂತ ಬಹಳ ದೊಡ್ಡದಾಗಿ ಕಾಣುವುದಿಲ್ಲ. ಗ್ರೂಪಿನಲ್ಲಿ ಈ ಮಕ್ಕಳ ಹೆಸರು ಒಂದು ಸಲವೂ ಬಂದದ್ದು ನಾನು ಕಾಣೆ, ನಮ್ಮೂರಿನ ಕಿರುಬನ ಕತೆಗಳಲ್ಲಿ ಮೇಕೆ ಕಾಯುವ ಹುಡುಗರ ಹೆಸರು ಬರದಿದ್ದ ಹಾಗೆಯೇ.

ಕಳೆದ ಸಭೆಯಲ್ಲಿ ನಾನು ಕೇಳಿದ್ದು ಮೂರು. ಖಾಲಿ ಸೈಟುಗಳ ಪೊದೆ ಕಡಿಸಿ, ಮಾಂಸದಂಗಡಿಯ ಕಸ ಮೂಲೆಗೆ ಸುರಿಯುವುದನ್ನು ನಿಲ್ಲಿಸಿ, ಶೆಡ್ಡುಗಳ ಹತ್ತಿರ ಬಾಗಿಲಿರುವ ಎರಡು ಕಕ್ಕಸು ಮತ್ತು ಒಂದು ದೀಪ ಹಾಕಿಸಿ. ಪೊದೆ ಕಡಿಸಲು ಅನುಮತಿ ಬೇಕು, ಸೈಟಿನ ಮಾಲೀಕರು ಅಮೆರಿಕದಲ್ಲಿದ್ದಾರೆ ಎಂದರು. ಕಸದ ಮಾತಿಗೆ ನಾಯಿಗೆ ಅನ್ನ ಹಾಕುವವರಿಗೂ ಹಾಕದವರಿಗೂ ಜಗಳ ಹತ್ತಿ ಅರ್ಧ ಗಂಟೆ ಹೋಯಿತು. ಕಕ್ಕಸು ಕಂಟ್ರ್ಯಾಕ್ಟರನ ಜವಾಬ್ದಾರಿ ಎಂದು ಬರೆದುಕೊಂಡರು. ಆಮೇಲೆ ಹೊಸ ಕ್ಯಾಮೆರಾಗಳ ಕೊಟೇಶನ್ ಓದಿ, ಚರ್ಚೆಯಿಲ್ಲದೆ ಪಾಸು ಮಾಡಿ, ಟೀ ಕೊಟ್ಟರು.