ಬಸ್ತಿಹಳ್ಳಿಗೆ ಹೋಗುವಾಗ ಏನು ಕೇಳಬೇಕು?

ನಮ್ಮದು ಹಾಡು ಕೇಳುವವರ ಒಂದು ಸಣ್ಣ ಬಳಗ. ಹಾಡುವವರು ಅದರಲ್ಲಿ ಯಾರೂ ಇಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬರು ಅಡಿಕೆ ವ್ಯಾಪಾರದವರು. ಫೋನ್ ಮಾಡಿದರೆ ಕ್ಷೇಮ ಸಮಾಚಾರ ಮುಗಿಯುವ ಮೊದಲೇ "ಈಗೇನು ಕೇಳ್ತಾ ಇದೀಯ?" ಎಂಬ ಪ್ರಶ್ನೆ ಬಂದುಬಿಡುತ್ತದೆ. ಒಬ್ಬರು ಮಲ್ಲಿಕಾರ್ಜುನ ಮನ್ಸೂರರನ್ನು ಬಿಟ್ಟು ಕದಲುವುದಿಲ್ಲ. ಇನ್ನೊಬ್ಬರಿಗೆ ಕಾಳಿಂಗರಾಯರ ಹಳೆಯ ರೆಕಾರ್ಡುಗಳೇ ಆಗಬೇಕು. ಅರಸೀಕೆರೆ ಕಡೆಯಿಂದ ಹಳೇಬೀಡಿಗೆ ಹೋಗುತ್ತೇನೆ ಎಂದಾಗ ಬಳಗದ ಹಿರಿಯರು ಫೋನಿನಲ್ಲೇ ಆಜ್ಞೆ ಕೊಟ್ಟರು: "ಡಿ.ವಿ.ಜಿ.ಯವರ ಅಂತಃಪುರಗೀತೆ ಇಟ್ಕೊಂಡು ಹೋಗು. ಬೇಲೂರಲ್ಲಿ ಕೇಳು. ದಾರೀಲಿ ಬೇರೆಯವರು ಏನು ಕೇಳ್ತಾರೋ ಅದನ್ನ ಕೇಳು. ಬಸ್ತಿಹಳ್ಳೀಲಿ ಮಾತ್ರ ಕಿವಿಗೆ ಏನೂ ಹಾಕ್ಕೋಬೇಡಪ್ಪ."

ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. ಪಾಲಿಸಿದ್ದರಿಂದ ಕಂಡದ್ದನ್ನು ಹೇಳದೆ ಇರಲಾರೆ.

ಅರಸೀಕೆರೆ ದೊಡ್ಡ ಜಂಕ್ಷನ್ನು. ಬೆಂಗಳೂರು, ಹುಬ್ಬಳ್ಳಿ, ಹಾಸನದ ಹಳಿಗಳೆಲ್ಲ ಇಲ್ಲಿಗೆ ಬಂದು ಕೂಡುತ್ತವೆ. ಊರಿನ ಈಶ್ವರ ದೇವಾಲಯ ಹೊಯ್ಸಳರ ಕಾಲದ್ದು, ಸುಮಾರು 1220ರದ್ದು. ಅದರ ಮುಂದಿನ ನಕ್ಷತ್ರಾಕಾರದ ಮಂಟಪದಲ್ಲಿ ಸುತ್ತಲೂ ಕಲ್ಲಿನ ಜಗಲಿ. ಅಲ್ಲಿ ಕೂತರೆ ಎದುರಿನವರ ಮುಖ ಕಾಣದೆ ಹೋಗುವುದಿಲ್ಲ, ಹರಟೆಗೆಂದೇ ಕಟ್ಟಿದಂತಿದೆ. ಬಸ್ಸಿಗೆ ಹೊತ್ತಾಗಿತ್ತು, ಹೆಚ್ಚು ಕೂರಲಿಲ್ಲ.

ಜಾವಗಲ್ ಮೇಲೆ ಹೋಗುವ ಬಸ್ಸು. ಎರಡೂ ಕಡೆ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. ಪಕ್ಕದ ಸೀಟಿನಲ್ಲಿ ಕಾಲೇಜು ಹುಡುಗ, ಕಿವಿಯಲ್ಲಿ ಇಯರ್‌ಫೋನು. ಏನು ಕೇಳ್ತಿದೀಯಪ್ಪ ಅಂದೆ. ಒಂದು ಕ್ಷಣ ಅನುಮಾನದಿಂದ ನೋಡಿ, ಒಂದು ಕಿವಿಯದನ್ನು ತೆಗೆದು ನನಗೇ ಕೊಟ್ಟ. ವಾಸುಕಿ ವೈಭವ್. 2018ರಲ್ಲಿ ಬಂದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರದ ಹಾಡುಗಳು. "ಅಣ್ಣ, ಇದನ್ನ ಒಂದೊಂದೇ ಹಾಡು ಅಂತ ಕೇಳ್ಬಾರ್ದು. ಮೊದಲಿಂದ ಕೊನೇವರೆಗೂ ಒಟ್ಟಿಗೆ ಕೇಳ್ಬೇಕು" ಎಂದ. ಆಲ್ಬಂ ಅನ್ನುವುದರ ಅರ್ಥವನ್ನು ಇಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ.

ಮುಂದಿನ ಸೀಟಿನ ಅಜ್ಜಿ ನಮ್ಮ ಮಾತಿಗೆ ಕಿವಿಗೊಟ್ಟಿದ್ದರು ಅಂತ ಕಾಣುತ್ತದೆ, ತಿರುಗಿ ಕೂತರು. ಅವರ ಮನೆಯಲ್ಲಿ 'ನಿತ್ಯೋತ್ಸವ'ದ ಕ್ಯಾಸೆಟ್ ಇತ್ತಂತೆ. ಯಜಮಾನರು ಶಿವಮೊಗ್ಗಕ್ಕೆ ಹೋದವರು ಮಕ್ಕಳಿಗೆ ಬಟ್ಟೆ ತರುವ ಬದಲು ಅದನ್ನು ತಂದು ಬೈಸಿಕೊಂಡಿದ್ದರಂತೆ. "ಕೇರಿಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ತಗೊಂಡು ಹೋಗೋರು ಕಣಪ್ಪ. ವಾಪಸ್ ಬರೋ ಹೊತ್ತಿಗೆ ಧ್ವನಿಯೆಲ್ಲ ಎಳೆದೋಗಿತ್ತು. ಆದರೂ ಕೇಳ್ತಿದ್ವಿ."

ಕನ್ನಡದ ಕೇಳುಗರಿಗೆ 'ನಿತ್ಯೋತ್ಸವ' ಬರೀ ಕ್ಯಾಸೆಟ್ಟಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗ. 1978ರಲ್ಲಿ ಬಂತು, ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದನ್ನು ಕರೆಯುತ್ತಾರೆ. ಅಲ್ಲಿಯವರೆಗೆ ಗ್ರಾಮಫೋನ್ ಇಲ್ಲದವರು ಭಾವಗೀತೆ ಬೇಕೆಂದರೆ ಕವಿಗೋಷ್ಠಿಗೋ ಗಾಯನ ಸಭೆಗೋ ಹೋಗಬೇಕು, ಇಲ್ಲವೇ ರೇಡಿಯೊದವರು ಹಾಕುವವರೆಗೆ ಕಾಯಬೇಕು. ಕ್ಯಾಸೆಟ್ ಬಂದ ಮೇಲೆ ಕವಿತೆ ಅಡುಗೆಮನೆಗೆ ಬಂತು, ಒಂದು ಮನೆಯಿಂದ ಇನ್ನೊಂದು ಮನೆಗೆ ಕಡ ಹೋಯಿತು. ಆಮೇಲೆ ಷರೀಫರ ತತ್ವಪದಗಳನ್ನೂ 'ಮೈಸೂರು ಮಲ್ಲಿಗೆ'ಯನ್ನೂ ಹಳ್ಳಿಹಳ್ಳಿಗೆ ಮುಟ್ಟಿಸಿದ ಸಿ. ಅಶ್ವಥ್ ಹುಟ್ಟಿದ್ದು ಇದೇ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, 1939ರಲ್ಲಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಸಂಗೀತಗಾರರದೇ ಊರು, ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ತಂಬೂರಿಯ ಆಕಾರದ ಗುಡಿಯೊಂದು ಅಲ್ಲಿದೆ. ಈ ಜಿಲ್ಲೆಯನ್ನು ಶಿಲ್ಪದ ಜಿಲ್ಲೆ ಎಂದಷ್ಟೇ ಹೇಳಿ ಸುಮ್ಮನಾಗುವವರ ಮೇಲೆ ನನಗೆ ಸ್ವಲ್ಪ ಬೇಸರವಿದೆ.

ಹಳೇಬೀಡು ಬಂತು. ಇಳಿಯಲಿಲ್ಲ. ಮೊದಲು ಬೇಲೂರು ಎಂದು ಅಪ್ಪಣೆಯಾಗಿತ್ತಲ್ಲ. ಅಲ್ಲಿಂದ 16 ಕಿಲೋಮೀಟರು.

ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಸೂರಿನ ಕೆಳಗೆ, ಕಂಬದ ತಲೆಗೂ ಚಾವಣಿಗೂ ನಡುವೆ ಓರೆಯಾಗಿ ನಿಂತ ಶಿಲಾಬಾಲಿಕೆಯರು ಗುಡಿಯ ಒಳಗೆ ಹೊರಗೆ ಸೇರಿ 42. ಡಿ.ವಿ.ಜಿ. ಇವರ ಮುಂದೆ ನಿಂತವರು ಇವರನ್ನು ವರ್ಣಿಸಿ ಕೈತೊಳೆದುಕೊಳ್ಳಲಿಲ್ಲ. ಒಬ್ಬೊಬ್ಬಳಿಗೂ ಹಾಡು ಕಟ್ಟಿದರು. ಇದು ಈ ರಾಗ, ಇದು ಈ ತಾಳ ಎಂದು ಹಾಡಿನ ತಲೆಯ ಮೇಲೆ ಬರೆದರು. 'ಅಂತಃಪುರಗೀತೆ' ಪುಸ್ತಕವಾಗಿ 1950ರಲ್ಲಿ ಹೊರಬಂತು. ಗಾಯಕರು, ನರ್ತಕಿಯರು ಅಂದಿನಿಂದ ಅದನ್ನು ಬಿಟ್ಟಿಲ್ಲ.

ಕನ್ನಡಿ ನೋಡಿಕೊಳ್ಳುವವಳ ಕೆಳಗೆ ನಿಂತು ಅವಳ ಹಾಡು ಹಾಕಿದೆ. ಏನಾಯಿತೆಂದರೆ, ಕಣ್ಣು ನಿಧಾನವಾಯಿತು. ಹಾಡಿಲ್ಲದೆ ನೋಡುವಾಗ ಮುಖ, ಕನ್ನಡಿ, ಒಡವೆ ಎಂದು ಕಣ್ಣು ಓಡಿಬಿಡುತ್ತಿತ್ತು. ಪಲ್ಲವಿ ಮತ್ತೆ ಮತ್ತೆ ಬರುತ್ತಿದ್ದಂತೆ ಕಣ್ಣೂ ಮತ್ತೆ ಅವಳ ಮುಖಕ್ಕೇ ಬರತೊಡಗಿತು. ಒಂದು ಸಲ ಅವಳು ಮೆಚ್ಚಿಕೊಂಡಂತೆ, ಇನ್ನೊಂದು ಸಲ ಏನೋ ಸಾಲದೆಂದು ಸಂಶಯಪಟ್ಟಂತೆ ಕಂಡಳು. ಗಿಳಿಯೊಡನೆ ಮಾತಾಡುವವಳ ಹತ್ತಿರ ಹೋದೆ. ಮದ್ದಳೆ ಬಾರಿಸುವವಳ ಹತ್ತಿರ ಹೋದೆ. ಅಲ್ಲಿ ಹಾಡು ನಿಲ್ಲಿಸಿ ಬರೀ ನೋಡಿದೆ: ಮದ್ದಳೆಯ ಹಗ್ಗಗಳನ್ನು ಒಂದೊಂದಾಗಿ ಬಿಗಿದಂತೆಯೇ ಕಡೆದಿದ್ದಾರೆ. ಬಾರಿಸುವ ಕೈ ಚರ್ಮದ ಮೇಲೆ ಒತ್ತಿಕೊಂಡಿಲ್ಲ. ಈಗಷ್ಟೇ ಏಟು ಹಾಕಿ ಏಳುತ್ತಿದೆ. ಮದ್ದಳೆ ನುಡಿಸಿ ಗೊತ್ತಿದ್ದವನು ಮಾತ್ರ ಕಡೆಯಬಲ್ಲ ಕೈ ಅದು.

ಆಮೇಲೆ ಗೈಡ್ ತೋರಿಸಿದ್ದು ಪಾದದ ಬಳಿ ಇರುವ ಅಕ್ಷರ. ಹಳಗನ್ನಡದಲ್ಲಿ ಶಿಲ್ಪಿಯ ಹೆಸರು! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಬಿರುದು ಸಮೇತ. ಹಾಡು ಕೇಳುವವನಿಗೆ ಇದಕ್ಕಿಂತ ಸಂತೋಷ ಬೇರೇನಿದೆ? ನಾವು ಕ್ಯಾಸೆಟ್ ಕೈಗೆ ಬಂದೊಡನೆ ಮೊದಲು ಮಾಡುತ್ತಿದ್ದ ಕೆಲಸ ಒಳಗಿನ ಕಾಗದ ಬಿಡಿಸಿ ತಬಲ ಯಾರದು, ಕೊಳಲು ಯಾರದು, ವಾದ್ಯ ಸಂಯೋಜನೆ ಯಾರದು ಎಂದು ಓದುವುದು. ಒಬ್ಬ ವಾದಕನ ಹೆಸರು ಹಿಡಿದು ಅವನಿದ್ದಲ್ಲೆಲ್ಲ ಹುಡುಕಿಕೊಂಡು ಹೋಗುವುದು. ಹೊಯ್ಸಳರ ನಾಡಿನಲ್ಲಿ ಶಿಲ್ಪಿಗಳನ್ನೂ ಹಾಗೆ ಹಿಂಬಾಲಿಸಬಹುದು. ಮಲ್ಲಿತಮ್ಮ ಅನ್ನುವವನು 1196ರಲ್ಲಿ ಅಮೃತಪುರದಲ್ಲಿ ಸಿಗುತ್ತಾನೆ, 1246ರಲ್ಲಿ ನುಗ್ಗೇಹಳ್ಳಿಯಲ್ಲಿ ಸಿಗುತ್ತಾನೆ, ಆಮೇಲೆ ಸೋಮನಾಥಪುರದಲ್ಲಿ ಮತ್ತೆ ಸಿಗುತ್ತಾನೆ. ಅರ್ಧ ಶತಮಾನಕ್ಕೂ ಮೀರಿದ ಕೆಲಸ, ಸಹಿ ಹಾಕಿ ಇಟ್ಟುಹೋಗಿದ್ದಾನೆ. ಅವನ ಮೊದಲಿನ ಕೈ, ಆಮೇಲಿನ ಕೈ ಎಂದು ನಮ್ಮ ಬಳಗ ವಾದ ಮಾಡುತ್ತ ಕೂರಬಹುದು.

ಮರುದಿನ ಬೆಳಿಗ್ಗೆ ಹಳೇಬೀಡು. 1121ರ ಹೊತ್ತಿಗೆ ಶುರುವಾದ ಹೊಯ್ಸಳೇಶ್ವರದ ಗೋಡೆಯ ಕೆಳಗಿನ ಆನೆಸಾಲು, ಸಿಂಹಸಾಲು, ಕುದುರೆಸಾಲುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ವಾದ್ಯಗಳನ್ನು ಮಾತ್ರ ಹುಡುಕುತ್ತ ಗೋಡೆ ಸುತ್ತಿದೆ. ಕುಣಿಯುವವರು ಎಲ್ಲಿದ್ದಾರೋ ಅಲ್ಲೆಲ್ಲ ಅವರ ಕಾಲ ಬಳಿ, ಪಕ್ಕದಲ್ಲಿ, ಚಿಕ್ಕ ಚಿಕ್ಕ ವಾದ್ಯಗಾರರು: ಮದ್ದಳೆಯವನು, ತಾಳದವನು, ಕೊಳಲಿನವನು. ಗೋಡೆಯ ಒಂದು ಕಡೆ ಮರದ ಕೆಳಗೆ ವೇಣುಗೋಪಾಲ. ಅವನ ಕೊಳಲಿಗಿಂತ ನನಗೆ ಹಸುಗಳು ಮುಖ್ಯವಾದವು. ಮೂತಿ ಮೇಲೆತ್ತಿ ನಿಂತಿವೆ. ಮೇವು ಮರೆತಿವೆ. ಇಷ್ಟು ದೊಡ್ಡ ಗೋಡೆಯ ಮೇಲೆ ನುಡಿಸುವವರಿಗೆ ಕೊಟ್ಟಷ್ಟೇ ಜಾಗವನ್ನು ಕೇಳುವವರಿಗೂ ಕೊಟ್ಟ ಶಿಲ್ಪಿಗೆ ಅಲ್ಲೇ ಕೈಮುಗಿದೆ.

ಪಟ್ಟಮಹಾದೇವಿ ಶಾಂತಲೆ ಹಾಡು, ವಾದನ, ನೃತ್ಯ ಮೂರರಲ್ಲೂ ಪಳಗಿದವಳೆಂದು ಶಾಸನಗಳು ಹೊಗಳುತ್ತವೆ. ಅವಳು ಏನು ಹಾಡುತ್ತಿದ್ದಳು? ಯಾವ ಮಟ್ಟು, ಯಾವ ಶ್ರುತಿ? ಆ ನಾದದ ಒಂದು ಚೂರೂ ನಮಗೆ ಉಳಿದಿಲ್ಲ. ಕೈ ಇಟ್ಟ ಜಾಗ, ಬೆರಳು ಬಾಗಿದ ರೀತಿ ಉಳಿದಿದೆ. 1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಯಲ್ಲಿ ಚಿನ್ನದ ಲೇಪದ ತಟ್ಟೆಯೊಂದನ್ನು ಆಕಾಶಕ್ಕೆ ಕಳಿಸಿದರಲ್ಲ, ಅದರಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. ಅದನ್ನು ಸೇರಿಸಿದ್ದು ಯಾವ ಸರ್ಕಾರದ ಆದೇಶದಿಂದಲೂ ಅಲ್ಲ. ರಾಬರ್ಟ್ ಬ್ರೌನ್ ಎಂಬ ಸಂಗೀತ ವಿದ್ವಾಂಸರು, ಭಾರತದ ಸಂಗೀತದಲ್ಲಿ ಇದನ್ನು ಕೇಳಿ ಎಂದು ಆರಿಸುವವರಿಗೆ ಹೇಳಿದ್ದರು, ಅಷ್ಟೆ. ಒಬ್ಬ ಕೇಳುಗ ಇನ್ನೊಬ್ಬನಿಗೆ ಹೇಳಿದ ಮಾತಿನಿಂದ ಒಂದು ಭೈರವಿ ಸೂರ್ಯಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗುತ್ತಿದೆ. ಅಂದಿನ ಹಳೇಬೀಡಾದ ದೋರಸಮುದ್ರದ ಹಾಡನ್ನು ಹಾಗೆ ದಾಟಿಸುವ ಸಾಧನ ಅಂದು ಇರಲಿಲ್ಲ. ಇದ್ದ ಸಾಧನ ಉಳಿ, ಸುತ್ತಿಗೆ. ಅದರಲ್ಲಿ ಆಗುವುದನ್ನೆಲ್ಲ ಅವರು ಮಾಡಿದ್ದಾರೆ.

ಅಲ್ಲಿಂದ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು, ತೀರಾ ಹತ್ತಿರ. ಪ್ರವಾಸಿಗರ ಬಸ್ಸುಗಳು ಹೊಯ್ಸಳೇಶ್ವರದ ಮುಂದೆ ನಿಂತು ಹಾಗೇ ಹಿಂದಿರುಗುವುದರಿಂದ ಈ ದಾರಿಯಲ್ಲಿ ಜನ ಕಡಿಮೆ. ಒಂದೇ ಆವರಣದಲ್ಲಿ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊರಗೋಡೆಗಳು ಸಾದಾ, ಹೊಯ್ಸಳೇಶ್ವರ ನೋಡಿ ಬಂದ ಕಣ್ಣಿಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಫೋನನ್ನು ಚೀಲಕ್ಕೆ ಹಾಕಿ ಪಾರ್ಶ್ವನಾಥ ಬಸದಿಯ ಒಳಗೆ ಕಾಲಿಟ್ಟೆ.

ಕಂಬಗಳು!

ಕಪ್ಪು ಕನ್ನಡಿಯೇ ಅವು. ಬಾಗಿಲಿಂದ ಬಂದ ಬೆಳಕು ಒಂದು ಕಂಬಕ್ಕೆ ತಾಗಿ ಮುಂದಿನದಕ್ಕೆ, ಅಲ್ಲಿಂದ ಅದರಾಚೆಯದಕ್ಕೆ ದಾಟುತ್ತಿದೆ. ಹತ್ತಿರ ಹೋದರೆ ನನ್ನದೇ ಮುಖ ಉದ್ದಕ್ಕೆ ಎಳೆದುಕೊಂಡು ಮೂಡಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಇನ್ನೊಂದು ಕಂಬದಲ್ಲೂ ಮೂಡಿತು. ಬಳಪದ ಕಲ್ಲು ಇದು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗುತ್ತ ತಾಗುತ್ತ ಗಟ್ಟಿಯಾಗುತ್ತದೆ. ಮೆತ್ತಗಿರುವಾಗಲೇ ಇಡೀ ಕಂಬವನ್ನು ಚರಕಿಗೆ ಹಾಕಿ ತಿರುಗಿಸಿ, ಉಳಿ ಹಿಡಿದು ಬಳೆಬಳೆಯಾಗಿ ಕೊರೆದು, ಆಮೇಲೆ ಉಜ್ಜಿ ಉಜ್ಜಿ ಈ ಹೊಳಪು ತಂದಿದ್ದಾರೆ. ಆ ಬಳೆಗೆರೆಗಳು ನೂಲಿನಷ್ಟು ಸಣ್ಣ, ಒಂದಕ್ಕೊಂದು ತಾಗದೆ ಕಂಬದ ಸುತ್ತ ಹೋಗಿವೆ. ಗ್ರಾಮಫೋನ್ ತಟ್ಟೆಯ ಗೆರೆಗಳಂತೆಯೇ ಕಂಡವು. ತಟ್ಟೆಗೆ ಗೆರೆ ಕೊರೆಯುವ ಯಂತ್ರಕ್ಕೂ ಇಂದು ಲೇತ್ ಎಂದೇ ಹೆಸರು; ಇಲ್ಲೂ ಲೇತು, ತಿರುಗುವ ವಸ್ತು, ಸ್ಥಿರವಾಗಿ ಹಿಡಿದ ಮೊನೆ. ಕಂಬಕ್ಕೆ ಕಿವಿ ಹಚ್ಚಬೇಕು ಅನ್ನಿಸಿತು, ಹಚ್ಚಿದೆ. ತಣ್ಣಗಿತ್ತು.

ಆ ಹೊತ್ತಿಗೆ ಜೈನ ಕುಟುಂಬವೊಂದು ಒಳಗೆ ಬಂತು. ಗರ್ಭಗುಡಿಯಲ್ಲಿ ಏಳು ಹೆಡೆಯ ಕೆಳಗೆ ಪಾರ್ಶ್ವನಾಥ ಆಳೆತ್ತರವನ್ನೂ ಮೀರಿ ನಿಂತಿದ್ದಾನೆ. ಮನೆಯ ಹಿರಿಯಮ್ಮ ಅವನೆದುರು ನಿಂತು ಣಮೋಕಾರ ಹೇಳತೊಡಗಿದರು. ಹಾಡಲಿಲ್ಲ, ಹೇಳಿದ್ದಷ್ಟೆ, ಅದೂ ಬಾಯೊಳಗೇ. ಆದರೆ ಆ ನುಣುಪು ಕಲ್ಲಿನ ನಡುವೆ ಒಂದೊಂದು ಪದವೂ ಕೊಂಚ ಹೊತ್ತು ನಿಂತು, ಮುಂದಿನ ಪದ ಬರುವವರೆಗೆ ಜಾಗ ಬಿಡಲಿಲ್ಲ. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ದನಿಗೂಡಿಸಿದಳು. ಎರಡು ದನಿ ಎಲ್ಲಿಂದ ಬರುತ್ತಿವೆ ಎಂದು ಹೇಳಲು ಸಾಧ್ಯವಾಗದಂತೆ ಇಡೀ ನವರಂಗವೇ ನುಡಿಯಿತು. ಹಿರಿಯರು ಕಿವಿಗೆ ಏನೂ ಹಾಕ್ಕೋಬೇಡ ಅಂದದ್ದು ಇದಕ್ಕೇ ಇರಬೇಕು.

ಈ ಬಸದಿಗೂ ಒಂದು ಸುದ್ದಿಯ ಕಥೆಯಿದೆ, ಶಾಸನವೇ ಹೇಳುವ ಕಥೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವ ತಂದೆಯ ನೆನಪಿಗೆ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ದೂರದ ಬಂಕಾಪುರದಲ್ಲಿದ್ದ ರಾಜನಿಗೆ ಒಯ್ದರು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವಾಗಿತ್ತು, ಮಗನೂ ಹುಟ್ಟಿದ್ದ. ಸಂತೋಷ ತಡೆಯಲಾರದೆ ಅವನು ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಕಟ್ಟಿಸಿದವನ ಹೆಸರು, ಯಾರ ನೆನಪಿಗೆಂಬುದು, ದೇವರಿಗೆ ಆ ಹೆಸರು ಬಂದ ಕಾರಣ ಎಲ್ಲವೂ ಕಲ್ಲಿನಲ್ಲಿ ನಿಂತಿದೆ.

ಹೊರಗೆ ಕಾವಲಿನವರು ಜಗಲಿಯಲ್ಲಿ ಕೂತಿದ್ದರು. ನೀವೇನು ಕೇಳ್ತೀರಿ ಎಂದು ಅವರನ್ನೂ ಕೇಳಿದೆ. "ಬೆಳಿಗ್ಗೆ ಹಾಸನ ಆಕಾಶವಾಣಿ ಸಾರ್, ಜನಪದ ಗೀತೆ ಬಂದ್ರೆ ಬಿಡಲ್ಲ. ಇಲ್ಲಿಗೆ ಬಂದ್ಮೇಲೆ ಏನೂ ಹಾಕಲ್ಲ. ಯಾರಾದ್ರೂ ಒಳಗೆ ಬಾಯ್ತುಂಬ ಏನಾರ ಹೇಳಿದ್ರೆ ಅದನ್ನೇ ಕೇಳ್ತೀನಿ."

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚು ಬರುತ್ತಾರೆ, ಬರಲಿ. ಬರುವವರಲ್ಲಿ ನನ್ನ ಕೋರಿಕೆ ಇಷ್ಟು: ಬೇಲೂರಿನಲ್ಲಿ ಅಂತಃಪುರಗೀತೆಯ ಒಂದು ಹಾಡನ್ನಾದರೂ ಆ ಬಾಲಿಕೆಯ ಕೆಳಗೇ ನಿಂತು ಕೇಳಿ, ಆದರೆ ಇಯರ್‌ಫೋನಿನಲ್ಲಿ. ಅವಳ ಪಾದದ ಬಳಿಯ ಹೆಸರನ್ನು ಗೈಡ್ ಕೈಲಿ ಓದಿಸಿ. ಹೊಯ್ಸಳೇಶ್ವರದಿಂದ ಹಿಂದಿರುಗುವ ಮುನ್ನ ಬಸ್ತಿಹಳ್ಳಿಗೆ ಅರ್ಧ ಗಂಟೆ ಕೊಡಿ. ಊರಿಗೆ ಹೋಗಿ ಸ್ನೇಹಿತರಿಗೆ ಹಾಡು ಕಳಿಸುವಾಗ ಬರೀ ಕೊಂಡಿ ಕಳಿಸಬೇಡಿ. ಬರೆದವರು, ರಾಗ ಹಾಕಿದವರು, ಹಾಡಿದವರು, ಮದ್ದಳೆ ಬಾರಿಸಿದವರು, ಗೊತ್ತಿದ್ದಷ್ಟು ಹೆಸರುಗಳನ್ನೂ ಜೊತೆಗೆ ಬರೆದು ಕಳಿಸಿ.