ಮುಕ್ಕಣ್ಣನ ಮೂರನೆಯ ಕಣ್ಣು

ಗೋಡೆಯ ಮೇಲಿನ ಪ್ಲಗ್ಗಿನ ಹಲಗೆಯನ್ನು ಒಮ್ಮೆ ದಿಟ್ಟಿಸಿ ನೋಡಿ. ಕೆಳಗೆ ಎರಡು ತೂತು, ಮೇಲೆ ನಡುವೆ ತುಸು ದೊಡ್ಡದಾದ ಇನ್ನೊಂದು. ನನಗಂತೂ ಅದು ಸಾಕ್ಷಾತ್ ಮುಕ್ಕಣ್ಣನಂತೆಯೇ ಕಾಣುತ್ತದೆ. ವ್ಯತ್ಯಾಸವಿಷ್ಟೇ: ಶಿವನ ಮೂರನೆಯ ಕಣ್ಣು ತೆರೆದರೆ ಸುಡುತ್ತದೆ, ಇದು ಕುರುಡಾದರೆ ಸುಡುತ್ತದೆ.

ಕೆಳಗಿನವೆರಡು ಕರೆಂಟು ಬಂದುಹೋಗುವ ದಾರಿ. ಯಂತ್ರ ನಡೆಯಲು ಅವೇ ಸಾಕು. ಆದ್ದರಿಂದ ಮೂರನೆಯದರ ಗೊಡವೆ ಯಾರಿಗೂ ಬೇಡ. ಅದಿರುವುದು ಯಂತ್ರಕ್ಕಾಗಿ ಅಲ್ಲ, ಮನುಷ್ಯನಿಗಾಗಿ. ಒಳತಂತಿಯ ಹೊದಿಕೆ ಸವೆದು ಲೋಹದ ಮೈಗೆ ಕರೆಂಟು ತಗುಲಿತೆನ್ನಿ. ಹಸಿರು ತಂತಿ ಅದನ್ನು ತನ್ನ ಮೂಲಕ ಹರಿಯಿಸಿಕೊಂಡು ಫ್ಯೂಸು ಹಾರಿಸುತ್ತದೆ. ಆ ತಂತಿ ಇಲ್ಲದಿದ್ದರೆ ನಮ್ಮ ಮೈಯೇ ದಾರಿಯಾಗುತ್ತದೆ. ಪ್ಲಗ್ಗಿನ ಆ ಕಡ್ಡಿಯನ್ನು ಉದ್ದ ಮಾಡಿರುವುದೂ ಇದಕ್ಕೇ: ಕೂಡುವಾಗ ಮೊದಲು, ಬಿಡುವಾಗ ಕಡೆಗೆ.

ಮುಂಬಯಿಯ ನಮ್ಮ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಮುಟ್ಟಿದರೆ 'ಜುಮ್' ಎನ್ನುತ್ತದೆಂದು ಮೊದಲು ಹೇಳಿದವರು ಮನೆಗೆಲಸದ ಮೌಶಿ. ರಬ್ಬರು ಚಪ್ಪಲಿ ಮೆಟ್ಟಿದ ನಮಗಾರಿಗೂ ಅದರ ಸುಳಿವಿರಲಿಲ್ಲ. ಬರಿಗಾಲು, ಒದ್ದೆ ನೆಲ, ಪರೀಕ್ಷೆಯೆಲ್ಲ ಆಕೆಗೇ. ಅಂದೇ ಬಿಜಾಪುರದ ಕಡೆಯ ವೈರ್‌ಮನ್ನನನ್ನು ಕರೆಸಿದೆ. ಹಲಗೆ ಬಿಚ್ಚಿದವನೇ, "ಸಾಹೇಬ್ರ, ತೂತ ಐತಿ, ತಂತೀನ ಇಲ್ರಿ!" ಎಂದ.

ಮನೆಯ ಮಾಲೀಕರು, "ಇಷ್ಟು ವರ್ಷ ಏನೂ ಆಗಿಲ್ಲವಲ್ಲ?" ಎಂದರು. "ಆಗುವುದು ಒಂದೇ ಸಲ, ಸ್ವಾಮಿ" ಎಂದೆ. ಮೀಟರಿನ ಹಲಗೆಯಲ್ಲಿ ಎಂಸಿಬಿ ಇದೆಯಲ್ಲ ಎಂಬುದು ಅವರ ಮುಂದಿನ ವಾದ. 16 ಆಂಪಿಯರಿನ ಎಂಸಿಬಿ ಕಾಯುವುದು ತಂತಿಯನ್ನು. ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲೂ ಬೇಕಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ಚು ಬೇರೆಯೇ ಇದೆ. ಆರ್‌ಸಿಸಿಬಿ ಎಂದು ಅದರ ಹೆಸರು. ಚೌಕಾಸಿಯ ನಂತರ ಖರ್ಚನ್ನು ಅರ್ಧರ್ಧ ಹಂಚಿಕೊಂಡು ಎರಡನ್ನೂ ಹಾಕಿಸಿದೆವು: ಹಸಿರು ತಂತಿ, ಜೊತೆಗೆ ಈ ಕಾವಲುಗಾರ. ಅದರ ಮೈಮೇಲೆ 'ಟಿ' ಎಂದು ಬರೆದ ಗುಂಡಿಯೊಂದಿದೆ. ಆಗಾಗ ಒತ್ತಿ ನೋಡಬೇಕು. ಕಡಿಯದಿದ್ದರೆ ಕಾವಲುಗಾರ ನಿದ್ದೆಹೋದನೆಂದೇ ಅರ್ಥ.

ಬಾಡಿಗೆಗೆ ಮನೆ ನೋಡುವಾಗ ನಾವು ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುತ್ತೇವೆ, ಸ್ಟೇಶನ್ ಎಷ್ಟು ದೂರವೆಂದು ಕೇಳುತ್ತೇವೆ. ಹಸಿರು ತಂತಿಯ ಮಾತನ್ನೂ ಒಂದಿಷ್ಟು ಕೇಳೋಣ. ಮನೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರು 'ಜುಮ್ಮೆಂದಿತು' ಎಂದರೆ, ನಕ್ಕು ತಳ್ಳಿಹಾಕದೆ ಮೊದಲು ಪ್ಲಗ್ಗು ಕೀಳೋಣ.