ರಜೆಯಲ್ಲೂ ತೆರೆದಿರುವ ಬಾಗಿಲು

ನಮ್ಮ ಮಕ್ಕಳು ದಿನವೆಣಿಸಿ ರಜೆಗಾಗಿ ಕಾಯುತ್ತಾರೆ. ರಜೆ ಬಂತೆಂದರೆ ಅಂಜುವ ಮಕ್ಕಳನ್ನು ನೀವು ಕಂಡಿದ್ದೀರಾ? ಕೆನ್ಯಾದ ದಕ್ಷಿಣ ಭಾಗದ ಕಜಿಯಾಡೊ ಪ್ರದೇಶದಲ್ಲಿ ಮಸಾಯಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದನ್ನು ಸಂದರ್ಶಿಸಿದಾಗ ನಾನು ಅಂಥವರನ್ನು ಕಂಡೆ.

ಅಲ್ಲಿ ಕಿರಿಯರು ಹಿರಿಯರೆದುರು ತಲೆಬಾಗಿ ನಿಲ್ಲುತ್ತಾರೆ. ಹಿರಿಯರು ಆ ತಲೆಯನ್ನು ಅಂಗೈಯಿಂದ ಮುಟ್ಟಿ ಹರಸಬೇಕು. ಹಾಗೆ ನನ್ನೆದುರು ತಲೆಬಾಗಿದ ಬಾಲೆಯರಲ್ಲಿ ಕೆಲವರು ತಂದೆಯ ಮನೆಯಿಂದಲೇ ತಪ್ಪಿಸಿಕೊಂಡು ಬಂದವರೆಂದು ಮುಖ್ಯೋಪಾಧ್ಯಾಯಿನಿ ತಿಳಿಸಿದರು.

ಮಸಾಯಿಗಳು ದನಗಾಹಿಗಳು, ದನಗಳೇ ಅವರ ಆಸ್ತಿ. ಮದುವೆಯಲ್ಲಿ ವರನ ಕಡೆಯವರು ವಧುವಿನ ತಂದೆಗೆ ದನಗಳನ್ನು ವಧುದಕ್ಷಿಣೆಯಾಗಿ ಕೊಡುತ್ತಾರೆ. ಬರಗಾಲದಲ್ಲಿ ಹಿಂಡು ಕರಗಿದಾಗ ಎಳೆಯ ಮಗಳ ಮದುವೆ ಬಡ ತಂದೆಗೆ ಆಸರೆಯಾಗಿ ತೋರುತ್ತದೆ. ಮದುವೆಗೆ ಮುನ್ನ ಬಾಲೆಯ ಜನನಾಂಗವನ್ನು ಛೇದಿಸುವ ಕ್ರೂರ ಪದ್ಧತಿಯೂ ಉಂಟು. 2011ರ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿತು. 2014ರ ವಿವಾಹ ಕಾಯಿದೆ ಮದುವೆಗೆ 18 ವರ್ಷ ತುಂಬಿರಬೇಕೆಂದು ವಿಧಿಸಿತು. ಆದರೂ ಶಾಲೆಗಳು ಮುಚ್ಚಿರುವ ದೀರ್ಘ ರಜೆಯಲ್ಲಿ ಇವು ಗುಟ್ಟಾಗಿ ನಡೆಯುವುದುಂಟು. ಆದುದರಿಂದಲೇ ಅಪಾಯದಲ್ಲಿರುವ ಮಕ್ಕಳಿಗಾಗಿ ಆ ಶಾಲೆಯ ಬಾಗಿಲು ಡಿಸೆಂಬರಿನಲ್ಲೂ ತೆರೆದಿರುತ್ತದೆ.

ಅಲ್ಲಿ ಆಶ್ರಯ ಪಡೆದವಳೊಬ್ಬಳನ್ನು, "ಮುಂದೆ ಏನಾಗುವೆ ಮಗಳೇ?" ಎಂದು ಕೇಳಿದೆ. "ಪಶುವೈದ್ಯೆಯಾಗುತ್ತೇನೆ. ಅಪ್ಪನ ದನಗಳು ಸಾಯಬಾರದು," ಎಂದಳು. ದನಗಳಿಗಾಗಿ ತನ್ನನ್ನು ಕೊಡಹೊರಟ ತಂದೆಯ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಆ ಬಡತನವನ್ನು ನೀಗುವ ಬೇರೊಂದು ದಾರಿಯನ್ನು ಅವಳು ಪುಸ್ತಕಗಳಲ್ಲಿ ಹುಡುಕುತ್ತಿದ್ದಳು.

ಓದುಗರೇ, ಹೆಣ್ಣುಮಗಳು ಓದಿದರೆ ಮನೆಯಿಂದ ದೂರವಾಗುತ್ತಾಳೆಂಬ ಅಂಜಿಕೆ ಆ ಹುಲ್ಲುಗಾವಲಿನ ಜನರದು ಮಾತ್ರವಲ್ಲ. ಇಂದು ಸಂಜೆ ನಿಮ್ಮ ಮಗಳನ್ನೂ ಅದೇ ಪ್ರಶ್ನೆ ಕೇಳಿ. ಅವಳ ಉತ್ತರವನ್ನು ಪೂರ್ತಿಯಾಗಿ ಆಲಿಸಿ.